ಹೊಗೆ ಆಗದ ಡಬ್ಬಿ

ಗುರುವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದ ಮುನವ್ವರ್ ತನ್ನ ಟ್ರಾನ್ಸ್‌ಪೋರ್ಟ್ ಆಫೀಸಿನ ಕುರ್ಚಿಯಲ್ಲಿ ಕೂತು, ಕಿಸೆಯಿಂದ ಫೋನು ತೆಗೆದು, ಶಿರಸಿಯ ಗಾಳಿ ಹೇಗಿದೆ ಎಂದು ನೋಡಿದ. ಗಾಳಿ ಕಿಟಕಿಯ ಆಚೆಗೇ ಇತ್ತು. ತಲೆ ಹೊರಗೆ ಹಾಕಿ ಒಮ್ಮೆ ಎಳೆದುಕೊಂಡರೆ ತಿಳಿಯುತ್ತಿತ್ತು. ಆದರೆ ಮಳೆಗಾಲ ಮುಗಿದು ಮಹಡಿಯ ಕಟ್ಟೆಯ ಮೇಲೆ ಆ ಡಬ್ಬಿ ಬಂದು ಕೂತಂದಿನಿಂದ ಅವನು ಗಾಳಿಯ ವಿಷಯದಲ್ಲಿ ಮೂಗನ್ನು ನಂಬುವುದು ಬಿಟ್ಟಿದ್ದ. ಫೋನಿನಲ್ಲಿ ಒಂದು ಹಸಿರು ಬಿಲ್ಲೆ, ಬಿಲ್ಲೆಯೊಳಗೆ ಒಂದು ಸಣ್ಣ ಅಂಕಿ. ಹಸಿರೆಂದರೆ ಒಳ್ಳೆಯದು, ಹಳದಿಯೆಂದರೆ ಅಡ್ಡಿಯಿಲ್ಲ, ಕೆಂಪೆಂದರೆ ಎದೆಯ ರೋಗದವರು ಒಳಗಿರಬೇಕು. ಈವತ್ತು ಹಸಿರು. ಹೋದ ಗುರುವಾರವೂ ಸಂಜೆಯಿಡೀ ಹಸಿರೇ ಇತ್ತು. ಅದನ್ನು ನೋಡಿ ಆಗಬೇಕಾದ ಸಂತೋಷ ಮಾತ್ರ ಯಾಕೋ ಮೆಟ್ಟಿಲ ಹತ್ತಿರವೇ ಎಲ್ಲೋ ನಿಂತುಬಿಟ್ಟಿತ್ತು. ಈ ಹೊತ್ತಿಗೆ ಆ ಮರದ ಮೆಟ್ಟಿಲಿನಲ್ಲಿ ಮೊದಲು ಕೆಮ್ಮು ಕೇಳಬೇಕು, ಆಮೇಲೆ ಗಾಜಿನ ಬಳೆಯ ಸದ್ದು, ಆಮೇಲೆ ಇವೆರಡನ್ನೂ ದಾಟಿಕೊಂಡು ಲೋಬಾನದ ಹೊಗೆ ಒಳಗೆ ಬರಬೇಕು. ಬರುವುದಿಲ್ಲ ಎಂದು ಮುನವ್ವರನಿಗೆ ಗೊತ್ತಿತ್ತು. ಬೇಡ ಎಂದವನು ಅವನೇ. ಕಿವಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅದು ತನ್ನಷ್ಟಕ್ಕೆ ಮೆಟ್ಟಿಲ ಕಡೆ ತಿರುಗಿ ಕೂತಿತ್ತು.

ರಹಿಮತ್ಬಿ ಎಂಬ ಆ ಮುದುಕಿ ಗುರುವಾರದ ಸಂಜೆ ಪೇಟೆಯ ಅಂಗಡಿ ಅಂಗಡಿಗೆ ಲೋಬಾನ ಹಾಕುವವಳು. ಹಿತ್ತಾಳೆಯ ಧೂಪದಾನಿಯಲ್ಲಿ ಕೆಂಡ, ಕೆಂಡದ ಮೇಲೆ ಚಿಟಿಕೆ ಲೋಬಾನ, ಇನ್ನೊಂದು ಕೈಯಲ್ಲಿ ನವಿಲುಗರಿಯ ಬೀಸಣಿಗೆ. ಅವಳ ಗಂಡ ಫಕೀರಸಾಹೇಬರು ಇರುವ ತನಕ ಅವರು ಮಾಡುತ್ತಿದ್ದ ಕೆಲಸ. ಅವರು ತೀರಿಕೊಂಡ ಮೇಲೆ ಹೆಂಗಸಿಗೆ ಇದು ಸಲ್ಲುತ್ತದೆಯೋ ಇಲ್ಲವೋ ಎಂದು ಪೇಟೆ ಇನ್ನೂ ಯೋಚಿಸುತ್ತಿರುವಾಗಲೇ, ಮುನವ್ವರನ ಅಪ್ಪ ಮನೆಗೆ ಹೇಳಿ ಕಳಿಸಿ, ಬನ್ನಿ, ಮೊದಲು ನಮ್ಮ ಆಫೀಸಿಗೆ ಹಾಕಿ, ಆಮೇಲೆ ಉಳಿದವರು ಕರೆಯುತ್ತಾರೆ ಎಂದಿದ್ದರು. ಹಾಗೇ ಆಯಿತು. ಬಟ್ಟೆಯಂಗಡಿಯ ಪೈಗಳು, ಕೆಳಗಿನ ಔಷಧದಂಗಡಿಯ ಪರಿಮಳಾ, ಬೀಗ ರಿಪೇರಿಯವನು, ಎಲ್ಲರೂ ಕರೆದರು. ಹೊಗೆಗೆ ಜಾತಿ ಕೇಳುವ ಚಟ ಪೇಟೆಗೆ ಇರಲಿಲ್ಲ. ಸಂಜೆಯ ಗಿರಾಕಿ ಬಂದರೆ ಸಾಕಿತ್ತು. ಹೊಗೆ ಒಳಗೆ ಬಂದರೆ ಅಪ್ಪ ಹಣದ ಡ್ರಾಯರು ಮುಚ್ಚಿ ಎದ್ದು ನಿಲ್ಲುತ್ತಿದ್ದರು. ಎರಡೂ ಕೈಯ ಬೊಗಸೆಯಲ್ಲಿ ನೀರು ಮೊಗೆದಂತೆ ಹೊಗೆ ಮೊಗೆದು ಮುಖಕ್ಕೆ ಸವರಿಕೊಳ್ಳುತ್ತಿದ್ದರು. ಮುನವ್ವರನೂ ಎದ್ದು ನಿಲ್ಲುತ್ತಿದ್ದ. ಮೊಗೆಯಲು ಮಾತ್ರ ಅವನಿಗೆ ಎಂದೂ ಬರಲಿಲ್ಲ. ಕಣ್ಣು ಮುಚ್ಚಿ ನಿಲ್ಲುತ್ತಿದ್ದ.

ಡಬ್ಬಿ ಎಂದರೆ ಡಬ್ಬಿಯೇ. ಊಟದ ಕ್ಯಾರಿಯರಿನಷ್ಟು ದೊಡ್ಡದು, ಬಿಳಿ ಬಣ್ಣ, ಅಡಿಯಲ್ಲಿ ಮೂಗಿನ ಹೊಳ್ಳೆಯಂತೆ ಎರಡು ತೂತು. ಗಾಳಿ ಅಳೆಯುವ ಒಂದು ಸಂಸ್ಥೆಯಿಂದ ಭೂಮಿಕಾ ಎಂಬ ಹುಡುಗಿ ಅದನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಿದ್ದಳು. ಶಿರಸಿಗೆ ಒಂದು, ಸಿದ್ದಾಪುರಕ್ಕೆ ಒಂದು, ಯಲ್ಲಾಪುರದ ಹೆದ್ದಾರಿ ಬದಿಗೆ ಒಂದು. ಶಿರಸಿಯಲ್ಲಿ ಕರೆಂಟು ಹೋದರೂ ಇನ್ವರ್ಟರು ಇರುವ, ಎತ್ತರದ ಕಟ್ಟೆಯಿರುವ ಜಾಗವನ್ನು ಹುಡುಕುತ್ತ ಅವಳು ಎರಡು ಲಾರಿಗಳ ಯಜಮಾನನ ಮೆಟ್ಟಿಲು ಹತ್ತಿದ್ದಳು. ಹೊಗೆಯೊಳಗಿನ ಹುಡಿ ಎಷ್ಟು ಸಣ್ಣದೆಂದರೆ, ಎಂದು ಅವಳು ವಿವರಿಸಿದ್ದಳು, ಮೂಗಿನ ಕೂದಲು ಅದನ್ನು ಹಿಡಿಯುವುದಿಲ್ಲ, ಕಫದಲ್ಲಿ ಅದು ಬರುವುದಿಲ್ಲ, ನೇರ ಎದೆಗಿಳಿದು ರಕ್ತಕ್ಕೆ ಸೇರುತ್ತದೆ. ಉತ್ತರದ ಕಡೆ ಗದ್ದೆಯ ಕೂಳೆ ಸುಟ್ಟು, ಇಟ್ಟಿಗೆ ಭಟ್ಟಿ ಉರಿಸಿ ಆಗುತ್ತದೆ. ಬಳ್ಳಾರಿ ಕಡೆ ಗಣಿಯ ಧೂಳಿನಿಂದ, ದೊಡ್ಡ ಊರುಗಳಲ್ಲಿ ಕಟ್ಟಡದಿಂದ, ವಾಹನದಿಂದ. ಇಲ್ಲಿ ಬಚ್ಚಲೊಲೆ, ಅಡಿಕೆ ಬೇಯಿಸುವ ಒಲೆ, ರಸ್ತೆ ಬದಿ ರಾಶಿ ಹಾಕಿ ಬೆಂಕಿ ಕೊಟ್ಟ ಅಡಿಕೆ ಸಿಪ್ಪೆ, ಕಾಡಿನ ಒಣ ಎಲೆ. ಆಮೇಲೆ, ಎಂದು ಸ್ವರ ತಗ್ಗಿಸಿ ಅವಳು, "ಲಾರಿಗಳೂ ಸ್ವಲ್ಪ," ಎಂದಿದ್ದಳು. ತೀರಿಹೋದವರ ಹೆಸರು ಎತ್ತುವಾಗ ಅವರ ಮನೆಯಲ್ಲಿ ಸ್ವರ ತಗ್ಗಿಸುತ್ತಾರಲ್ಲ, ಹಾಗೆ. ಅವಳ ಆ ಮರ್ಯಾದೆಯಿಂದ ಮುನವ್ವರನ ಮುಖ ಬಿಸಿಯಾಗಿತ್ತು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಶುಕ್ರವಾರದ ಖುತ್ಬಾದಲ್ಲಿ ಮೌಲವಿಗಳು ಎಷ್ಟೋ ಸಲ ಹೇಳಿದ್ದರು, ಮನುಷ್ಯನ ಎರಡು ಹೆಗಲ ಮೇಲೆ ಇಬ್ಬರು ಫರಿಶ್ತೆಗಳು, ಅಲ್ಲಾಹನ ದೂತರು, ಕೂತು ಬಲದವನು ಪುಣ್ಯ, ಎಡದವನು ಪಾಪ ಬರೆಯುತ್ತಾರೆ ಎಂದು. ಚಿಕ್ಕಂದಿನಲ್ಲಿ ಅವನು ಎಡ ಹೆಗಲನ್ನು ತುಸು ಕೆಳಗೆ ಮಾಡಿ ನಡೆಯುತ್ತಿದ್ದ, ಬರೆಯುವವನ ಕೈ ಜಾರಲಿ ಎಂದು. ಡಬ್ಬಿ ಬಂದ ಮೇಲೆ ಅದು ಮತ್ತೆ ನೆನಪಾಯಿತು. ಮೂರನೆಯ ಫರಿಶ್ತೆಯೊಬ್ಬ ಕಟ್ಟೆಯ ಮೇಲೆ ಬಿಳಿ ಅಂಗಿ ತೊಟ್ಟು ಕೂತು ಅವನ ಬೀದಿಯ ಹೊಗೆಯನ್ನಷ್ಟೇ ಬರೆಯುತ್ತಿದ್ದ. ಹೆಗಲ ಮೇಲಿನವರು ಬರೆದದ್ದನ್ನು ಓದಲು ಲೆಕ್ಕ ಚುಕ್ತಾ ಆಗುವ ಕಯಾಮತ್ತಿನ ದಿನದ ತನಕ ಕಾಯಬೇಕು. ಇವನು ಬರೆದದ್ದು ಗಳಿಗೆ ಗಳಿಗೆಗೂ ಫೋನಿಗೆ ಬರುತ್ತಿತ್ತು. ಮೊದಲ ವಾರ ಹಳದಿ, ಬೆಳಿಗ್ಗೆ ಸಂಜೆ ಕೆಂಪು. ಆ ಕೆಂಪನ್ನು ನೋಡಿ ಮುನವ್ವರನಿಗೆ ಎಲ್ಲರೆದುರು ಕಪಾಳಕ್ಕೆ ಬಿದ್ದಂತಾಗುತ್ತಿತ್ತು. ಪರಿಮಳಾ ಔಷಧದಂಗಡಿಯಿಂದ ತಲೆ ಹೊರಗೆ ಹಾಕಿ, "ಸಾಹೇಬ್ರೆ, ಇವತ್ತು ಉಸಿರಾಡ್ಬಹುದಾ, ನಾಳೆಗೆ ಇಡ್ಬೇಕಾ?" ಎಂದು ಕೇಳುತ್ತಿದ್ದಳು.

ಅವನು ಸುಮ್ಮನೆ ಕೂರಲಿಲ್ಲ. ಮೂಲೆಯ ಚಾದ ಅಂಗಡಿಯವನಿಗೆ ತಾನೇ ಹಣ ಹಾಕಿ ಗ್ಯಾಸಿನ ಒಲೆ ಕೊಡಿಸಿದ. ಬೀದಿ ಗುಡಿಸುವ ದ್ಯಾವಮ್ಮನಿಗೆ, ಎಲೆಗಿಲೆ ಇಲ್ಲಿ ಸುಡಬೇಡ, ಆಚೆ ಒಯ್ದು ಸುಡು ಎಂದ. ಮೇಲೆ ಅಡುಗೆಮನೆಯಲ್ಲಿ ಮೀನು ಹುರಿಯುವಾಗ ಕಿಟಕಿ ಮುಚ್ಚಿಕೊಳ್ಳಬೇಕೆಂದು ಹೆಂಡತಿ ನುಜ್ಹತಳಿಗೆ ಹೇಳಿದ. ಉಳಿದದ್ದು ಲಾರಿ. ಅಡಿಕೆ ಚೀಲ ಹೇರಿಕೊಂಡ ಹಳೆಯ ಲಾರಿ ದಿನಾ ಸೂರ್ಯ ಮುಳುಗುವ ಮಗ್ರಿಬ್ ಹೊತ್ತಿಗೆ ಆಫೀಸಿನ ಕೆಳಗೆ ನಿಂತು, ಬ್ರೇಕಿಗೆ ಗಾಳಿ ತುಂಬುವವರೆಗೆ ಎಂಜಿನು ಉರಿಸಿಕೊಂಡು, ಆಮೇಲೆ ಹುಬ್ಬಳ್ಳಿ ದಾರಿ ಹಿಡಿಯುತ್ತಿತ್ತು. ಗಾಳಿ ತುಂಬಿಕೊಳ್ಳಲು ಅದು ಬಿಡುತ್ತಿದ್ದ ಹೊಗೆ ನೇರ ಡಬ್ಬಿಯ ಹೊಳ್ಳೆಗೆ. ಡ್ರೈವರ್ ತಾರಿಕ್‌ನನ್ನು ಕರೆದು, "ನಾಳೆಯಿಂದ ಲೋಡಾದ ಮೇಲೆ ಇಲ್ಲಿಗೆ ತರಬೇಡ," ಎಂದಿದ್ದ.

"ಮತ್ತೆ ಎಲ್ಲಿಗೆ ಭಾಯ್?"

"ಎಲ್ಲಾದ್ರೂ ಹಿಂದೆ ಒಯ್ದು ನಿಲ್ಸು. ಊರಲ್ಲಿ ಜಾಗ ಇಲ್ವಾ?"

ಮಾರನೆಯ ಸಂಜೆ ಬಿಲ್ಲೆ ಹಸಿರಾಯಿತು. ಮಗ ಪಾಸಾದಾಗಲೂ ಮುನವ್ವರ್ ಅಷ್ಟು ಹಗುರವಾಗಿರಲಿಲ್ಲ. ಹಿಂದೆ ಎಂದರೆ ಎಲ್ಲಿ ಎಂದು ಅವನು ಕೇಳಲಿಲ್ಲ, ತಾರಿಕ್ ಹೇಳಲಿಲ್ಲ. ಸಿದ್ದಾಪುರದ ಡಬ್ಬಿ ಉಲ್ಲಾಸ ಹೆಗಡೆಯವರ ತಾರಸಿಯ ಮೇಲಿತ್ತು. ಅಡಿಕೆ ಸುಲಿತ ಶುರುವಾದ ಮೇಲೆ ಅದು ಮಧ್ಯಾಹ್ನವೆಲ್ಲ ಕೆಂಪು ಕಾರುತ್ತಿತ್ತು. ಇಬ್ಬರೂ ಒಂದೇ ಆಸ್ಪತ್ರೆಯ ರೋಗಿಗಳಂತೆ ಫೋನಿನಲ್ಲಿ ವಿಚಾರಿಸಿಕೊಳ್ಳುತ್ತಿದ್ದರು.

"ಎಂತ ಸಾಹೇಬ್ರೆ, ನಿಮ್ಮದು ಹಸಿರು! ಡಬ್ಬಿಗೆ ಬಟ್ಟೆ ಕಟ್ಟಿದ್ರಾ ಎಂತದು?"

"ಶಿಸ್ತು ಹೆಗಡೇರೆ, ಶಿಸ್ತು. ನೀವು ಆ ಸಿಪ್ಪೆ ರಾಶಿ ಆರಿಸ್ಬಾರ್ದಾ?"

"ನಮ್ಮ ಸಿಪ್ಪೆ ಅಲ್ಲ ಮಾರಾಯ್ರೆ. ನಮ್ಮದು ನಾನು ಆಚೆ ಊರಿನ ರಸ್ತೆಗೆ ಹಾಕ್ಸಿ ಬಂದೆ. ಇಲ್ಲಿ ಹೊಗೀತಾ ಇರೂದು ಆಚೆ ಊರಿನವ್ರದ್ದು."

ಮುನವ್ವರ್ ಬಹಳ ಹೊತ್ತು ನಕ್ಕಿದ್ದ. ಆಚೆ ಊರಿನವರ ಸಿಪ್ಪೆ ಈಚೆ ಊರಿಗೆ, ಈಚೆಯವರದು ಆಚೆಗೆ. ಇಬ್ಬರೂ ತಮ್ಮ ಅಂಗಳ ಗುಡಿಸಿಕೊಂಡ ತೃಪ್ತಿಯಲ್ಲಿ ಒಬ್ಬರ ಹೊಗೆಯನ್ನು ಇನ್ನೊಬ್ಬರು ಉಣ್ಣುವುದು. ಹೆಗಡೆಯವರ ಈ ಬುದ್ಧಿವಂತಿಕೆಯನ್ನು ಅವನು ರಾತ್ರಿ ಊಟಕ್ಕೆ ಕೂತಾಗ ನುಜ್ಹತಳಿಗೂ ಹೇಳಿದ. ಅವಳು ನಗಲಿಲ್ಲ. ಮುಚ್ಚಿದ ಕಿಟಕಿಯ ಅಡುಗೆಮನೆಯಲ್ಲಿ ಅವಳ ಕಣ್ಣು ಕೆಂಪಾಗಿತ್ತು.

ಗುರುವಾರ ಮಾತ್ರ ಉಳಿದಿತ್ತು. ವಾರವಿಡೀ ಹಸಿರಾಗಿದ್ದ ಬಿಲ್ಲೆ ಗುರುವಾರ ಸಂಜೆ ತಟ್ಟನೆ ಕೆಂಪಾಗಿ, ಕಡು ಕೆಂಪಾಗಿ, ಸ್ವಲ್ಪ ಹೊತ್ತು ನಿಂತು ಇಳಿಯುತ್ತಿತ್ತು. ರಹಿಮತ್ಬಿ ಮೆಟ್ಟಿಲು ಹತ್ತಿ, ಆಫೀಸಿಗೆ ಹೊಗೆ ಹಾಕಿ, ಬರ್ಕತ್ತು ಬಿಟ್ಟುಹೋಗಬಾರದೆಂದು ಹೊರಗಿನ ಕಟ್ಟೆಗೂ ನಾಲ್ಕು ಸಲ ಬೀಸುತ್ತಿದ್ದಳು. ಆ ಬೀಸಿನ ನೇರಕ್ಕೇ ಡಬ್ಬಿ. ಭೂಮಿಕಾ ಫೋನು ಮಾಡಿದಳು. "ಸರ್, ಗುರುವಾರ ಸಂಜೆ ನಿಮ್ಮ ಹತ್ರ ಏನಾದ್ರೂ ಸುಡ್ತಾರಾ?" ಇಲ್ಲ ಎಂದ ಮುನವ್ವರ್. ಬಾಯಿಗೆ ಬಂದದ್ದು ಅದೇ. ಲೋಬಾನವನ್ನು ಸುಡುವುದು ಎನ್ನುತ್ತಾರೆಯೇ? ಕಸ ಸುಡುತ್ತಾರೆ, ಎಲೆ ಸುಡುತ್ತಾರೆ, ಲೋಬಾನ ಹಾಕುತ್ತಾರೆ. ಆದ್ದರಿಂದ ತಾನು ಹೇಳಿದ್ದು ಸುಳ್ಳಲ್ಲ ಎಂದು ಅವನು ಎಡ ಹೆಗಲಿನವನಿಗೆ ವಿವರಿಸಿದ. "ಸಿದ್ದಾಪುರದ ಕಡೆಯಿಂದ ಗಾಳಿ ಬೀಸ್ತದೆ ಅವತ್ತು," ಎಂದೂ ಸೇರಿಸಿದ. ಗಾಳಿಗೆ ವಾರ ಗೊತ್ತಿರುತ್ತದೆಯೇ ಎಂದು ಆ ಹುಡುಗಿ ಕೇಳಲಿಲ್ಲ. ಓದಿದವಳು, ದೊಡ್ಡವರು ಹೇಳಿದ್ದನ್ನು ಬರೆದುಕೊಂಡಳು.

ಅದು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ವ್ಯಾಪಾರಿಗಳ ಸಭೆಯೊಂದರಲ್ಲಿ ಭೂಮಿಕಾ ಪರದೆಯ ಮೇಲೆ ಮೂರೂ ಊರಿನ ಗೆರೆಗಳನ್ನು ತೋರಿಸಿದಳು. ಯಲ್ಲಾಪುರದ್ದು ಹೆದ್ದಾರಿಯ ಲಾರಿಗಳಿಗೆ ಸರಿಯಾಗಿ ಇಡೀ ದಿನ ಏರಿಳಿಯುತ್ತಿತ್ತು. ಸಿದ್ದಾಪುರದ್ದು ಮಧ್ಯಾಹ್ನ ಗುಡ್ಡವಾಗುತ್ತಿತ್ತು. ಶಿರಸಿಯದು ಕೆರೆಯ ನೀರಿನಂತೆ ಮಲಗಿತ್ತು, ವಾರಕ್ಕೊಂದು ಕಡೆ ಮಾತ್ರ ಗೋಪುರದಂತೆ ಎದ್ದು ನಿಂತಿತ್ತು. "ಇದೊಂದು ನಮಗೆ ಅರ್ಥ ಆಗ್ತಿಲ್ಲ," ಎಂದಳು ಅವಳು. "ಗುರುವಾರ ಸಂಜೆ ಶಿರಸಿ ಪೇಟೆಯಲ್ಲಿ ಏನಾಗ್ತದೆ? ಯಾರಿಗಾದ್ರೂ ಗೊತ್ತಾ?" ಕೂತವರೆಲ್ಲ ಪೇಟೆಯವರು. ಎಲ್ಲರ ಗಲ್ಲಾಪೆಟ್ಟಿಗೆಗೂ ಪ್ರತಿ ಗುರುವಾರ ಆ ಹೊಗೆ ತಾಗಿತ್ತು. ಆದರೂ ಹಾಲು ಒಲೆಯ ಮೇಲಿಟ್ಟು ಕಾಯುವ ಮನೆಯಂತೆ ಸಭೆ ಮೌನವಾಯಿತು. ಪೈಗಳು ಕನ್ನಡಕ ತೆಗೆದು ಒರೆಸಿದರು. ಬೀಗ ರಿಪೇರಿಯವನು ಪಂಖ ನೋಡಿದ. ಯಾರೂ ಮುನವ್ವರನ ಕಡೆ ನೋಡಲಿಲ್ಲ. ಅಷ್ಟು ಜನ ಒಟ್ಟಿಗೆ ತನ್ನ ಕಡೆ ನೋಡದೆ ಇರುವುದನ್ನು ಅವನು ಅದೇ ಮೊದಲು ಕಂಡದ್ದು. ಆಗ ಪರಿಮಳಾ ಎದ್ದು ನಿಂತು, ಗಂಭೀರವಾಗಿ, "ಮೇಡಂ, ಗುರುವಾರ ರಾಯರ ವಾರ ಅಲ್ವಾ. ಸಂಜೆ ಎಲ್ರೂ ಮಠಕ್ಕೆ ಹೋಗ್ತಾರೆ. ಬೈಕು, ಸ್ಕೂಟರ್ರು ಜಾಸ್ತಿ," ಎಂದಳು. ಹೌದು ಹೌದು ಎಂದಿತು ಸಭೆ. ಭೂಮಿಕಾಳ ಮುಖ ಬೆಳಗಿತು; ಗೋಪುರದ ಪಕ್ಕದಲ್ಲಿ ರಾಯರ ಭಕ್ತರ ವಾಹನಗಳು ಎಂದು ಬರೆದಳು. ಲೋಬಾನದ ಹೊಗೆ ಹೀಗೆ ರಾಘವೇಂದ್ರ ಸ್ವಾಮಿಗಳ ಪಾಲಿಗೆ ಹೋಯಿತು. ಮೆಟ್ಟಿಲಿಳಿಯುವಾಗ ಪೈಗಳು ಮುನವ್ವರನ ಭುಜ ತಟ್ಟಿ, "ಇರ್ಲಿ ಬಿಡಿ ಸಾಹೇಬ್ರೆ, ಎಲ್ಲಾ ದೇವ್ರದ್ದೇ ಹೊಗೆ," ಎಂದರು. ಆ ಪ್ರೀತಿ ಅವನಿಗೆ ಮನೆ ಮುಟ್ಟುವ ತನಕ ಚುಚ್ಚಿತು. ತನ್ನದನ್ನು ಮುಚ್ಚಿಡಲು ಇಡೀ ಪೇಟೆ ಸೇರಿ ಸುಳ್ಳು ಹೇಳಿತ್ತಲ್ಲ. ಮುಚ್ಚಿಡಬೇಕಾದದ್ದು ತನ್ನಲ್ಲಿ ಏನೋ ಇದೆ ಎಂದು ಅವರಿಗೆಲ್ಲ ಅನಿಸಿತ್ತಲ್ಲ.

ಆಮೇಲಿನ ಗುರುವಾರ ಅವನು ಮೆಟ್ಟಿಲ ತಲೆಯಲ್ಲೇ ಕಾದು ನಿಂತ. ಕೆಮ್ಮು ಬಂತು, ಬಳೆ ಬಂತು. ರಹಿಮತ್ಬಿ ಕೊನೆಯ ಮೆಟ್ಟಿಲಲ್ಲಿ ನಿಂತು, ದಾರಿ ಬಿಡದ ಅವನನ್ನು ನೋಡಿದಳು. ಹೇಳಬೇಕೆಂದು ಬಾಯಿಪಾಠ ಮಾಡಿದ್ದು ಬೇರೆ, ಹೇಳಿದ್ದು, "ಖಾಲಾ, ಮೇಲೆ ಒಂದು ಡಬ್ಬಿ ಕೂರ್ಸಿದಾರೆ. ಅದಕ್ಕೆ ಹೊಗೆ ಆಗೂದಿಲ್ಲ," ಎಂದು.

"ಅದಕ್ಕೆ ಜೀವ ಇದೆಯಾ ಬೇಟಾ?"

"ಜೀವ ಇಲ್ಲ. ಉಸಿರಾಡ್ತದೆ."

ಅವಳು ತಲೆಯೆತ್ತಿ ಡಬ್ಬಿಯನ್ನು ನೋಡಿದಳು. ತುಟಿ ಅಲುಗಿತು, ಏನೋ ಓದಿ ಅದರ ಕಡೆ ಮೆಲ್ಲಗೆ ಊದಿದಳು. ಆಮೇಲೆ ಕೆಂಡದ ಮೇಲೆ ಬೂದಿ ಎಳೆದು, ಅವನು ಕೊಡಹೋದ ನೋಟಿಗೆ ಕೈಯೊಡ್ಡದೆ ಇಳಿದುಹೋದಳು. ಓದಿದ್ದು ದುವಾವೋ, ಶಾಪವೋ? ಊದಿದ್ದು ಆಶೀರ್ವಾದಕ್ಕೋ, ಬಾಗಿಲು ಮುಚ್ಚಿದ್ದಕ್ಕೋ? ಅಂದಿನಿಂದ ಅವನ ನಿದ್ದೆಗೆ ಒಂದು ತೂತು ಬಿದ್ದಿತ್ತು. ನಮಾಜಿನಲ್ಲಿ ಹಣೆ ಚಾಪೆಗೆ ಮುಟ್ಟಿಸಿದಾಗ ಅಪ್ಪ ಬೊಗಸೆಯಲ್ಲಿ ಹೊಗೆ ಮೊಗೆಯುತ್ತ ನಿಂತದ್ದು ಕಾಣುತ್ತಿತ್ತು. ಬೊಗಸೆ ಬರಿದು.

ಈ ಗುರುವಾರವೂ ಅವನು ಹಸಿರು ಬಿಲ್ಲೆ ನೋಡುತ್ತ ಕೂತಿರುವಾಗ ನುಜ್ಹತ್ ಒಳಬಾಗಿಲಿನಿಂದ ಚಹಾ ತಂದಿಟ್ಟಳು. "ಇವತ್ತೂ ಬರ್ಲಿಲ್ಲ ಅಲ್ಲಾ?"

"ಯಾರು?"

"ಯಾರು ಅಂದ್ರೆ? ಮದುಮಗ."

"ನಾನು ಬರಬೇಡ ಅನ್ಲಿಲ್ಲ. ಹೊಗೆ ತರಬೇಡ ಅಂದೆ."

"ಹೊಗೆ ಬಿಟ್ಟು ಅವಳು ಮತ್ತೇನು ತರಬೇಕಿತ್ತು, ಹಲ್ವಾನಾ?" ನುಜ್ಹತ್ ಖಾಲಿ ಕುರ್ಚಿಯಲ್ಲಿ ಕೂತಳು. "ನಿಮ್ಮ ಡಬ್ಬಿ ಹೊರಗೆ ಚಂದ ಉಸಿರಾಡ್ತದೆ. ನಾನು ಒಳಗೆ ಕಿಟಕಿ ಮುಚ್ಕೊಂಡು ಕೆಮ್ತೇನೆ. ನಂದು ಇರ್ಲಿ, ನಾನು ಮನೆಯವಳು. ಆ ಮುದುಕಿ ಪೇಟೆಗೇ ಬರೂದು ಬಿಟ್ಟಿದಾಳೆ, ಊಟಕ್ಕೇನು ಮಾಡ್ತಾಳೆ ಅಂತ ಯೋಚ್ನೆ ಮಾಡಿದ್ರಾ?"

ಮಾಡಿದ್ದ. ಅದನ್ನು ಬಿಟ್ಟು ಬೇರೆ ಮಾಡಿರಲಿಲ್ಲ. ಅವನು ಎದ್ದು, ದಾರಿಯಲ್ಲಿ ಹಣ್ಣೋ ಬಿಸ್ಕತ್ತೋ ತೆಗೆದುಕೊಂಡು ಅವಳ ಮನೆಗೆ ಹೋಗುತ್ತೇನೆ ಎಂದ. ನುಜ್ಹತ್ ತಲೆಯಲ್ಲಾಡಿಸಿದಳು. "ಕೈಯಲ್ಲಿ ಏನೂ ಬೇಡ. ತಪ್ಪು ಒಪ್ಕೊಳ್ಳೋಕೆ ಹೋಗೋರು ಹೊರೆ ಹೊತ್ಕೊಂಡು ಹೋಗ್ಬಾರ್ದು. ಆಮೇಲೆ ಅವಳು ಹಣ್ಣಿನ ಮಾತಾಡ್ತಾಳೆ, ನೀವೂ ಹಣ್ಣಿನ ಮಾತಾಡಿ ಬರ್ತೀರಿ."

"ಮನೆ ಎಲ್ಲಿ ಅವಳದ್ದು?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ವಾರ ತಪ್ಪದೆ ಬಂದವಳು ಎಲ್ಲಿಂದ ಬರುತ್ತಾಳೆ, ಎಲ್ಲಿಗೆ ಹೋಗುತ್ತಾಳೆ ಎಂದು ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹೊಗೆ ಎಲ್ಲಿಂದ ಬರುತ್ತದೆ ಎಂದು ಯಾರು ಕೇಳುತ್ತಾರೆ? ಡಬ್ಬಿ ಕೇಳುತ್ತದೆ. ಅವನು ಕೆಳಗಿಳಿದು ಪರಿಮಳಾಳನ್ನು ವಿಚಾರಿಸಿದ. ಅವಳಿಗೆ ಗೊತ್ತಿತ್ತು: ಕೆರೆಯ ಹಿಂದಿನ ಗಲ್ಲಿ, ನಿಂತುಹೋದ ಅಕ್ಕಿ ಗಿರಣಿ ದಾಟಿದ ಮೇಲೆ ನೀಲಿ ಬಾಗಿಲು. "ಹೊಗೆ ಇಲ್ದೆ ಗುರುವಾರ ಗುರುವಾರ ಅನ್ಸೂದಿಲ್ಲ ಸಾಹೇಬ್ರೆ," ಎಂದಳು. ಮಾತ್ರೆ ಎಣಿಸುತ್ತ, "ಆದ್ರೂ ಅಂಕಿ ಚಲೋ ಬಂತಲ್ಲ, ಅದೇ ಸಮಾಧಾನ," ಎಂದಳು.

ಮಾಗಿಯ ಸಂಜೆ ಬೇಗ ಇಳಿಯುತ್ತಿತ್ತು. ಕೆರೆಯ ಏರಿ ಹಿಡಿದು ನಡೆಯುವಾಗ ಊರಿನ ಬಚ್ಚಲೊಲೆಗಳೆಲ್ಲ ಒಟ್ಟಿಗೆ ಎದ್ದಿದ್ದವು. ಹೊಗೆ ಮೇಲೇರಲು ಮನಸ್ಸಿಲ್ಲದೆ ಹೆಂಚಿನ ಮೇಲೆ ತೆಳ್ಳಗೆ ಹಾಸಿ ಮಲಗಿತ್ತು. ಚಿಕ್ಕಂದಿನಲ್ಲಿ ಇದನ್ನು ಅವನು ಸಂಜೆ ಎಂದೇ ತಿಳಿದಿದ್ದ. ಸಂಜೆಯ ಬಣ್ಣವೇ ಹೀಗೆ, ಸಂಜೆಯ ವಾಸನೆಯೇ ಹೀಗೆ ಎಂದು. ಈಗ ಕೈ ತಾನಾಗಿ ಕಿಸೆಯ ಫೋನಿಗೆ ಹೋಯಿತು. ಹಸಿರು. ಎದುರಿಗೆ ಹೊಗೆ ಕಾಣುತ್ತಿರುವಾಗ ಫೋನಿನಲ್ಲಿ ಶಿರಸಿಯ ಗಾಳಿ ಹಸಿರಾಗಿತ್ತು. ಶಿರಸಿಯ ಗಾಳಿ ಎಂದರೆ ತನ್ನ ಕಟ್ಟೆಯ ಗಾಳಿ; ತಾನು ಗುಡಿಸಿ, ಒರೆಸಿ, ಇತರರ ಕಡೆ ತಳ್ಳಿ, ಹೆಂಡತಿಯ ಕಿಟಕಿ ಮುಚ್ಚಿಸಿ ಮಾಡಿದ ಗಾಳಿ. ಅದನ್ನೇ ನಂಬಿ ಎಲ್ಲೋ ಒಂದು ಊರಿನಲ್ಲಿ ಕೂತವರು ನಕ್ಷೆಯಲ್ಲಿ ಈ ಊರಿಗೆ ಹಸಿರು ಬಳಿಯುತ್ತಿದ್ದಾರೆ. ಅವನಿಗೆ ನಗು ಬಂತು. ನಗು ಬಂದದ್ದಕ್ಕೆ ಭಯವೂ ಆಯಿತು. ಖಾಲಾ ಬೈದರೆ ಬೈಯಲಿ, ಅತ್ತರೆ ಅಳಲಿ, ಮುಂದಿನ ಗುರುವಾರ ಬನ್ನಿ ಎಂದು ಕೈ ಮುಗಿದು ಕರೆದು ಬಂದುಬಿಡುತ್ತೇನೆ, ಡಬ್ಬಿ ಕೆಂಪಾದರೆ ಆಗಲಿ ಎಂದುಕೊಂಡ. ಹಾಗೆ ಅಂದುಕೊಂಡ ಕೂಡಲೇ ತಾನು ಒಳ್ಳೆಯವನು ಎನಿಸಿ ನಡಿಗೆಗೆ ಜೋರು ಬಂತು.

ನೀಲಿ ಬಾಗಿಲು ಗಲ್ಲಿಗೇ ತೆರೆದಿತ್ತು. ಜಗುಲಿಯೆಂದು ಬೇರೆ ಇರಲಿಲ್ಲ. ಹೊಸ್ತಿಲ ಒಳಗೆ ಚಾಪೆ, ಚಾಪೆಯ ಮೇಲೆ ಮಕ್ಕಳು ಬಿಟ್ಟುಹೋದ ಅರಬ್ಬಿ ಅಕ್ಷರದ ಅಲಿಫ್-ಬೇ ಪುಸ್ತಕ. ರಹಿಮತ್ಬಿ ಅವನನ್ನು ಕಂಡು ಗಾಬರಿಯಾಗಲಿಲ್ಲ, ಸೆರಗು ಸರಿಮಾಡಿಕೊಂಡು, "ಬಾ ಬೇಟಾ, ಅಬ್ಬಾನ ಹಾಗೇ ತಲೆ ಬಗ್ಗಿಸಿ ಬಾ, ಬಾಗಿಲು ಗಿಡ್ಡ," ಎಂದಳು. ಅವನು ಕೂತ. ಬಾಯಿಪಾಠ ಮಾಡಿದ್ದನ್ನು ಈ ಸಲ ತಪ್ಪದೆ ಶುರುಮಾಡಿದ. ತಪ್ಪಾಯಿತು ಖಾಲಾ, ಅವತ್ತು ಹಾಗೆ ದಾರಿ ಕಟ್ಟಬಾರದಿತ್ತು, ಅಪ್ಪ ಇದ್ದಿದ್ದರೆ... ಅವಳು ಕೈಯೆತ್ತಿ ತಡೆದಳು.

"ಒಂದು ನಿಜ ಹೇಳ್ಲಾ? ಬೇಜಾರು ಮಾಡ್ಕೋಬೇಡ."

"ಹೇಳಿ ಖಾಲಾ."

"ಆ ಹೊಗೆ ನಂಗೇ ಸಾಕಾಗಿತ್ತು."

ರಹಿಮತ್ಬಿ ಚಾಪೆಯ ಮೇಲಿನ ಪುಸ್ತಕ ಮಡಿಸಿ ಬದಿಗಿಟ್ಟಳು.

"ಸರಕಾರಿ ದವಾಖಾನೆ ಡಾಕ್ಟರಮ್ಮ ಯಾವತ್ತೋ ಹೇಳಿದ್ರು, ನಿಮ್ಮ ಎದೆಯೊಳಗೆ ಕರೀ ಆಗಿದೆ, ಕೆಂಡ ಲೋಬಾನ ಎಲ್ಲ ಬಿಟ್ಬಿಡಿ ಅಂತ. ಬಿಡೂದು ಹೇಗೆ? ನಿಮ್ಮ ಅಬ್ಬಾ ಬಾಯಿಬಿಟ್ಟು ಕರೆದದ್ದು. ನಿನ್ನ ಆಫೀಸು ಬಿಟ್ಟು ಪೇಟೆಗೆ ಹೋಗೂದು ಸರಿಯಲ್ಲ, ಪೇಟೆ ಬಿಟ್ಟು ನಿನ್ನಲ್ಲಿಗೆ ಮಾತ್ರ ಬಂದ್ರೆ ಉಳಿದೋರು ಏನಂತಾರೆ? ನೀನು ಬೇರೆ, ಹೊಗೆ ಬಂದ್ರೆ ಎದ್ದು ನಿಂತು ಕಣ್ಣು ಮುಚ್ತಿದ್ದೆ. ಅಷ್ಟು ಭಕ್ತಿ ಇಟ್ಟೋನಿಗೆ ನಾಳೆಯಿಂದ ಬರೂದಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ನೀನೇ ಬೇಡ ಅಂದೆ. ನಿನ್ನ ಡಬ್ಬಿಗೆ ಅವತ್ತೇ ದುವಾ ಮಾಡಿದೆ. ಪೇಟೆನೂ ಬಿಟ್ಟೆ, ಧೂಪದಾನಿನೂ ತೊಳೆದಿಟ್ಟೆ. ಈಗ ಗಲ್ಲಿ ಮಕ್ಕಳಿಗೆ ಓದು ಹೇಳ್ಕೊಡ್ತೇನೆ. ಹೊಟ್ಟೆಗೆ ಆಗ್ತದೆ."

ಕಣ್ಣು ಉರಿಯುತ್ತಿತ್ತು, ಅದಕ್ಕೆ ಮುಚ್ಚುತ್ತಿದ್ದೆ ಎಂದು ಅವನು ಹೇಳಲಿಲ್ಲ. ಹೇಳಲು ಇದು ಹೊತ್ತಲ್ಲ ಎನಿಸಿತು. ಹೇಳುವ ಹೊತ್ತು ಎಷ್ಟೋ ವರ್ಷದ ಹಿಂದೆ ಕಳೆದಿತ್ತು. ಅವನ ಭಕ್ತಿಗೆ ನೋವಾಗಬಾರದೆಂದು ಅವಳು ವಾರ ವಾರ ಆ ಮೆಟ್ಟಿಲು ಹತ್ತಿದಳು, ಅವಳಿಗೆ ನೋವಾಗಬಾರದೆಂದು ಅವನು ವಾರ ವಾರ ಎದ್ದು ನಿಂತ. ನಡುವೆ ಹೊಗೆ, ಇಬ್ಬರಿಗೂ ಬೇಡದ್ದು, ಇಬ್ಬರ ಎದೆಗೂ ಇಳಿಯುತ್ತ, ಪುಣ್ಯದಂತೆ ಕಾಣುತ್ತ. ರಾತ್ರಿ ರಾತ್ರಿ ತಾನು ಅನುಭವಿಸಿದ ಪಶ್ಚಾತ್ತಾಪಕ್ಕೆ ಈಗ ವಾರಸುದಾರರೇ ಇಲ್ಲ. ಹಗುರವಾಗಬೇಕಿತ್ತು. ಯಾರೋ ಕಿಸೆಗೆ ಕೈ ಹಾಕಿ ಒಯ್ದಂತೆ ಆಯಿತು.

ಅವಳು ಕೆಮ್ಮಿದಳು. ಮೆಟ್ಟಿಲಿನಲ್ಲಿ ಕೇಳುತ್ತಿದ್ದ ಅದೇ ಕೆಮ್ಮು.

"ಹೊಗೆ ಬಿಟ್ಟ ಮೇಲೂ ಕಡಿಮೆ ಆಗ್ಲಿಲ್ವಾ ಖಾಲಾ?"

"ಆಗ್ಬೇಕಿತ್ತು. ಡಾಕ್ಟರಮ್ಮನೂ ಅದನ್ನೇ ಕೇಳ್ತಾರೆ, ಕದ್ದು ಹಾಕ್ತೀರಾ ಅಂತ. ನಾನೆಲ್ಲಿ ಹಾಕ್ಲಿ? ಆ ಬದಿಗೋಡೆಗೆ ಯಾವನೋ ಒಬ್ಬ ದಿನಾ ಇದೇ ಹೊತ್ತಿಗೆ ಲಾರಿ ತಂದು ಉರಿಸ್ತಾ ನಿಲ್ಲಿಸ್ತಾನೆ. ಕೇಳಿದ್ರೆ ಬ್ರೇಕಿಗೆ ಗಾಳಿ ತುಂಬ್ಬೇಕಂತೆ. ಅವನ ಬ್ರೇಕಿಗೆ ತುಂಬೂವಷ್ಟರಲ್ಲಿ ನನ್ನ ಗಾಳಿ ಖಾಲಿ. ಮಕ್ಕಳನ್ನೂ ಅದಕ್ಕೇ ಬೇಗ ಕಳಿಸೂದು. ಯಾರ ಮನೆ ಲಾರಿಯೋ, ಅವರ ಒಲೆ ಕೆಟ್ಟುಹೋಗ್ಲಿ ಅಂತ ಒಂದೊಂದ್ಸಲ ಬಾಯಿಗೆ ಬಂದುಬಿಡ್ತದೆ."

ಮುನವ್ವರ್ ಏಳಲು ನೋಡಿದ. ಗಲ್ಲಿಯ ಆ ತುದಿಯಲ್ಲಿ ಸದ್ದು ಕೇಳಿತು. ಎರಡನೆಯ ಗೇರಿನಲ್ಲಿ ಗೊರಗುಟ್ಟುವ, ತಿರುವಿನಲ್ಲಿ ಒಮ್ಮೆ ಬಿಕ್ಕುವ ಆ ಎಂಜಿನನ್ನು ಅವನು ನಿದ್ದೆಯಲ್ಲೂ ಗುರುತಿಸಬಲ್ಲ. ಅಪ್ಪ ಕೊಂಡ ಲಾರಿ. ಅದು ಹಿಮ್ಮುಖವಾಗಿ ಬಂದು, ಗೋಡೆಗೆ ತಾಗುವಷ್ಟು ಹತ್ತಿರ ನಿಂತು, ನಡುಗುತ್ತ ಉರಿಯತೊಡಗಿತು. ಕರಿಯ ಹೊಗೆ ಹೊಸ್ತಿಲು ದಾಟಿ, ಕರೆದ ಮನೆಗೆ ಬಂದಂತೆ ನೇರ ಒಳಗೆ ಬಂತು. ರಹಿಮತ್ಬಿ ಸೆರಗು ಎಳೆದು ಮೂಗಿಗೆ ಹಿಡಿದಳು. "ನೋಡು, ಇದೇ," ಎಂದಳು ಸೆರಗಿನೊಳಗಿಂದ.

ತಾರಿಕ್ ಕೆಳಗಿಳಿದು ಟೈರಿಗೆ ಒದ್ದು ನೋಡುತ್ತಿದ್ದವನು, ತೆರೆದ ಬಾಗಿಲಿನೊಳಗೆ ಯಜಮಾನನನ್ನು ಕಂಡು ಹತ್ತಿರ ಬಂದ. ಮುಖದಲ್ಲಿ ಮೆಚ್ಚುಗೆ ಬಯಸುವವನ ನಗು.

"ಭಾಯ್, ಇಲ್ಲಿ? ಜಾಗ ನೋಡೋಕೆ ಬಂದ್ರಾ? ನೀವು ಹೇಳಿದ ಹಾಗೇ ಮಾಡ್ತಾ ಇದ್ದೇನೆ, ಒಂದು ದಿನನೂ ಆಫೀಸ್ ಹತ್ರ ತಂದಿಲ್ಲ. ಇಲ್ಲಿ ಯಾರದ್ದೂ ತಕರಾರಿಲ್ಲ."

ಎಂಜಿನು ಉರಿಯುತ್ತಿತ್ತು. ರಹಿಮತ್ಬಿ ತಾರಿಕ್‌ನನ್ನು ನೋಡಿದಳು, ಮುನವ್ವರನನ್ನು ನೋಡಿದಳು.

"ನಿಂದಾ?" ಎಂದಳು.

ಅವನ ತಲೆ ತಾನಾಗಿ ಬಗ್ಗಿತು.

"ಮೊದ್ಲೇ ಹೇಳ್ಬಾರ್ದಿತ್ತಾ? ಯಾರದ್ದೋ ಅಂತ ದಿನಾ ಬೈತಿದ್ದೆನಲ್ಲ. ತೌಬಾ ತೌಬಾ." ಅವಳು ಎರಡೂ ಕೆನ್ನೆಗೆ ಮೆಲ್ಲಗೆ ಬಡಿದುಕೊಂಡಳು. ಆಮೇಲೆ ಮೂಗಿಗೆ ಹಿಡಿದ ಸೆರಗನ್ನು ಕೆಳಗಿಳಿಸಿ ತೊಡೆಯ ಮೇಲೆ ಮಡಿಸಿಟ್ಟಳು. ಮನೆಗೆ ಬಂದವನ ಎದುರು ಮೂಗು ಮುಚ್ಚಿಕೊಂಡು ಕೂರುವುದು ಮರ್ಯಾದೆಯಲ್ಲವೆಂಬಂತೆ. "ನಮ್ಮನೇದೇ ಅಂದ್ಮೇಲೆ ಇರ್ಲಿ ಬಿಡು. ಚಹಾ ಮಾಡ್ಲಾ?"

"ಆಫ್ ಮಾಡು," ಎಂದ ಮುನವ್ವರ್ ತಾರಿಕ್‌ಗೆ.

"ಆಫ್ ಮಾಡಿದ್ರೆ ಮತ್ತೆ ಮೊದ್ಲಿಂದ ಉರಿಸ್ಬೇಕು ಭಾಯ್. ಸೆಲ್ಫ್ ಸ್ಟಾರ್ಟರೂ ಸರಿ ಇಲ್ಲ, ತಳ್ಳೋಕೆ ಜನ ಬೇಕು."

"ಹಾಗಾದ್ರೆ ಇಲ್ಲಿಂದ ತೆಗಿ."

"ಎಲ್ಲಿಗೆ ಒಯ್ಲಿ?"

ಅವತ್ತು ಕೇಳಿದ್ದ ಪ್ರಶ್ನೆಯೇ. ಅವತ್ತು ಉತ್ತರ ಎಷ್ಟು ಸುಲಭವಾಗಿ ಬಾಯಿಗೆ ಬಂದಿತ್ತು. ಈಗ ಅವನು ಶಿರಸಿಯ ಗಲ್ಲಿಗಲ್ಲಿಯನ್ನೂ ಮನಸ್ಸಿನಲ್ಲೇ ತಿರುಗಿದ. ಗಿರಣಿಯ ಹಿಂದೆ, ಅಲ್ಲಿ ಬೇರೆಯವರ ಬಾಗಿಲು. ಮಸೀದಿಯ ಪಕ್ಕ, ಅಲ್ಲಿ ನಮಾಜಿಗೆ ಕೈಕಾಲು ತೊಳೆದು ವಜೂ ಮಾಡುವವರು. ದವಾಖಾನೆಯ ಗೋಡೆ, ಶಾಲೆಯ ಬಯಲು, ಮಾರಿಗುಡಿಯ ದಾರಿ. ಊರಿನ ಆಚೆ ಹೋದರೆ ಆಚೆ ಊರು, ಆಚೆ ಊರಿನವರ ಅಂಗಳ, ಅವರ ತಾರಸಿ, ಅವರ ಡಬ್ಬಿ. ಹಿಂದೆ ಎನ್ನುವ ಜಾಗ ಎಲ್ಲೂ ಇರಲಿಲ್ಲ. ಎಲ್ಲಿ ಹೋದರೂ ಅದು ಯಾರದೋ ಮನೆಯ ಮುಂದೆ.

"ಆಫೀಸಿನ ಕೆಳಗೇ ನಿಲ್ಸು," ಎಂದ.

ತಾರಿಕ್‌ನ ನಗು ಆರಿತು. ಯಜಮಾನನಿಗೆ ಹುಷಾರಿಲ್ಲವೇನೋ ಎಂಬಂತೆ ಒಮ್ಮೆ ನೋಡಿ, ಕ್ಯಾಬಿನ್ ಹತ್ತಿದ. ಲಾರಿ ಬಿಕ್ಕುತ್ತ, ಇದ್ದ ಹೊಗೆಯ ಮೇಲೆ ಇನ್ನೂ ಒಂದಷ್ಟು ಬಿಟ್ಟು, ಗಲ್ಲಿಯಿಂದ ಹೊರಟಿತು. ರಹಿಮತ್ಬಿ ಹೊಸ್ತಿಲಿನಿಂದ ಅದು ಹೋಗುವುದನ್ನು ನೋಡಿದಳು. ಅವಳ ಮುಖದಲ್ಲಿ ಸಮಾಧಾನವಿರಲಿಲ್ಲ, ಕಾಯಿಲೆಯ ಮಗುವನ್ನು ಮನೆಯಲ್ಲಿ ಬಿಟ್ಟುಬಂದವರ ಚಿಂತೆಯಿತ್ತು.

"ಅಲ್ಲಿ ಆ ಡಬ್ಬಿ ಇದೆಯಲ್ಲ ಬೇಟಾ? ಪಾಪ, ಅದಕ್ಕೆ ಹೊಗೆ ಆಗೂದಿಲ್ಲ ಅಂದಿದ್ದೆ."

"ರೂಢಿ ಆಗ್ತದೆ ಖಾಲಾ," ಎಂದ ಮುನವ್ವರ್.

ರಹಿಮತ್ಬಿ ಎದೆಯೊಳಗಿನಿಂದ ಬಂದ ಕೆಮ್ಮು ಮುಗಿಯುವ ತನಕ ಗೋಡೆ ಹಿಡಿದು ನಿಂತಳು. ಆಮೇಲೆ, ತಿಳಿದವಳಂತೆ ತಲೆದೂಗಿ, "ಆಗ್ತದೆ," ಎಂದಳು, ಚಹಾಕ್ಕೆ ನೀರಿಡಲು ಒಳಗೆ ಹೋದಳು.